ವೈನಿಯನ್ನು ಮಾತಾಡಿಸಲು ಬಂದವರು

ಕುಸುಮಾ ವೈನಿಯ ಮನೆಗೆ ಯಾರೇ ಹೋಗಲಿ, ಅವರು ಮೊದಲು ‘ಬಾ’ ಅನ್ನುತ್ತಿರಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು, ತಲೆ ಕೊಂಚ ಓರೆ ಮಾಡಿ, ಕಣ್ಣು ಮುಚ್ಚಿ, ಬಂದವರ ಉಸಿರು ಕೇಳಿಸಿಕೊಳ್ಳುತ್ತಿದ್ದರು. ಅಮೆರಿಕದ ಸ್ಯಾನ್ ರಮೋನ್‌ನ ನಮ್ಮ ಟೌನ್‌ಹೌಸುಗಳೆಲ್ಲ ಒಂದೇ ಥರ, ಕೆಳಗೆ ಗರಾಜು, ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಲಿವಿಂಗ್ ರೂಮು. ಹಾಗಾಗಿ ಎಂಥವರೂ ಏದುಸಿರು ಬಿಡುತ್ತಲೇ ಹೋಗಿ ಅವರೆದುರು ನಿಲ್ಲಬೇಕಿತ್ತು. ಒಂದು ಗಳಿಗೆ ಬಿಟ್ಟು ಅವರು ಕಣ್ಣು ತೆರೆದು ‘ಹಂ, ಬಾ ಒಳಗ’ ಅಂದರೆ ಪಾಸಾದ ಹಾಗೆ. ಏನೂ ಅನ್ನದೆ ಸುಮ್ಮನೆ ನೋಡಿದರೆ ಮಾತ್ರ ಎದೆ ಧಸಕ್ ಅನ್ನುತ್ತಿತ್ತು.

ನನಗೆ ಮೊದಮೊದಲು ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಕೈಯಲ್ಲಿ ಬಿಸಿ ಹುಳಿಯ ಪಾತ್ರೆ ಹಿಡಿದು ನಿಂತವಳನ್ನು ಹೀಗೆ ಕಾಯಿಸುವುದು ಯಾವ ಸೀಮೆಯ ಮರ್ಯಾದೆ ಅಂತ ಮನೆಗೆ ಬಂದು ನನ್ನ ಗಂಡನ ಮುಂದೆ ಕೂಗಾಡಿದ್ದೆ. ನಾನು ಬೆಂಗಳೂರಿನ ಬಸವನಗುಡಿಯವಳು. ನಮ್ಮಲ್ಲಿ ಬಂದವರನ್ನು ಮೊದಲು ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಅವರ ಬೆನ್ನ ಹಿಂದೆ ಪರೀಕ್ಷೆ ಮಾಡುತ್ತೇವೆ.

ವೈನಿ ಹುಬ್ಬಳ್ಳಿಯವರು. ಅವರ ಕಡೆ ಅಣ್ಣನ ಹೆಂಡತಿಯನ್ನು ವೈನಿ ಅಂತ ಕರೆಯುತ್ತಾರೆ. ಊರವರು ಯಾರೋ ಕರೆದದ್ದು ಇಡೀ ಕಾಂಪ್ಲೆಕ್ಸಿಗೇ ಅಂಟಿಕೊಂಡು, ಕೊನೆಗೆ ಅಮೆರಿಕದವರೂ ಅದೇ ಅವರ ಹೆಸರು ಅಂದುಕೊಂಡಿದ್ದರು. ಅವರ ಕೆಲಸವೇ ಉಸಿರಿನದ್ದು. ಆಸ್ಪತ್ರೆಯಲ್ಲಿ ಉಸಿರಾಡಲು ಕಷ್ಟಪಡುವವರಿಗೆ ಯಂತ್ರ ಹಾಕುವುದು, ಆಮೇಲೆ ನಿಧಾನವಾಗಿ ಆ ಯಂತ್ರದಿಂದ ಬಿಡಿಸಿ ತಾವೇ ಉಸಿರಾಡುವುದನ್ನು ಕಲಿಸುವುದು. ಮೂವತ್ತು ವರ್ಷದ ಹತ್ತಿರ ಅದನ್ನೇ ಮಾಡಿ ಮಾಡಿ ಅವರ ಕಿವಿ ಬೇರೆಯೇ ಆಗಿಹೋಗಿತ್ತು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಒಂದು ಮಧ್ಯಾಹ್ನ ಫೋನು ಮಾಡಿ, ‘ನಿನ್ನ ಮಗಳು ಬಾಯಾಗ ಉಸಿರಾಡ್ಲಿಕ್ಕತ್ತಾಳ, ಮೂಗು ನೋಡು’ ಅಂದರು. ತೊಟ್ಟಿಲ ಹತ್ತಿರ ಓಡಿ ನೋಡಿದರೆ ಮಗುವಿನ ಮೂಗು ಪೂರ್ತಿ ಕಟ್ಟಿತ್ತು. ನಾನು ಅದೇ ರೂಮಿನಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ, ನನಗೆ ಏನೂ ಕೇಳಿಸಿರಲಿಲ್ಲ. ಆಮೇಲೆ ಎಷ್ಟೋ ದಿನ ಆ ಗೋಡೆಯ ಪಕ್ಕ ಕೂತಾಗೆಲ್ಲ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳುತ್ತಿತ್ತು.

ಆ ಮಗಳು ಹುಟ್ಟುವ ಸುದ್ದಿಯೂ ನನಗೆ ಮೊದಲು ತಿಳಿದದ್ದು ಅವರಿಂದಲೇ. ಯುಗಾದಿಯ ದಿನ ಹೋಳಿಗೆ ಕೊಡಲು ಹೋದವಳನ್ನು ಮೆಟ್ಟಿಲ ತುದಿಯಲ್ಲಿ ನಿಲ್ಲಿಸಿ ತುಂಬ ಹೊತ್ತು ಕೇಳಿಸಿಕೊಂಡರು. ನನಗೆ ರೇಗಿತು, ಏನು ವೈನಿ, ಫೇಲಾ ಅಂದೆ. ಕಣ್ಣು ಬಿಟ್ಟು ನನ್ನ ಮುಖವನ್ನಲ್ಲ, ಹೊಟ್ಟೆಯನ್ನು ನೋಡಿದರು. ‘ನೀ ಒಬ್ಬಾಕಿನ ಬಂದಿಲ್ಲ ನೋಡು’ ಅಂದರು. ನಾನು ಹಿಂದೆ ತಿರುಗಿ ಖಾಲಿ ಮೆಟ್ಟಿಲು ನೋಡಿದೆ, ಮೈ ಜುಂ ಅಂದಿತು. ಮರುವಾರ ಟೆಸ್ಟು ಮಾಡಿಸಿದ ಮೇಲೆ ಅರ್ಥವಾಯಿತು. ಅಂಥ ಹೊತ್ತಿನಲ್ಲಿ ಹೆಣ್ಣಿನ ಉಸಿರು ಎಲ್ಲಕ್ಕಿಂತ ಮೊದಲು ಬದಲಾಗುತ್ತದಂತೆ. ಕಾರಣ ಗೊತ್ತಾದರೂ ಆ ಖಾಲಿ ಮೆಟ್ಟಿಲು ಮಾತ್ರ ನನಗೆ ಮರೆತಿಲ್ಲ.

ಇಷ್ಟೆಲ್ಲ ಕೇಳಿದರೆ ವೈನಿ ಏನೋ ಮಂತ್ರಗಾತಿ ಅನ್ನಿಸಬಹುದು. ಹಾಗೇನಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ದೊಡ್ಡ ನಗು, ಗಂಡನ ಮೇಲೆ ದಿನವಿಡೀ ಒಂದಿಲ್ಲೊಂದು ತಕರಾರು. ಅವರಿಗೆ ಇದ್ದ ಹುಚ್ಚು ಒಂದೇ, ಕೆನಡಾದ ಒಬ್ಬ ರಾಕ್ ಗಾಯಕ.

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ವೈನಿಯೂ ಹೇಳುತ್ತಿರಲಿಲ್ಲ. ‘ಅಂವಾ’ ಅನ್ನುತ್ತಿದ್ದರು, ಅಷ್ಟೇ. ಅಂವಾ ಹೊಸಾ ಹಾಡು ಮಾಡ್ಯಾನ, ಅಂವಗ ಗಡ್ಡ ಒಪ್ಪಂಗಿಲ್ಲ, ಹೀಗೆ. ಅವರ ಗಂಡ ಪ್ರಹ್ಲಾದಣ್ಣ ಇದನ್ನೇ ಹಿಡಿದು ಬಂದವರ ಮುಂದೆಲ್ಲ ಹೇಳುತ್ತಿದ್ದರು: ‘ಕಟ್ಟಿಕೊಂಡ ಗಂಡನ್ನ ಹೆಸರು ಹಿಡದು ಕೂಗ್ತಾಳ. ಅವನ್ನ ಮಾತ್ರ ಅಂವಾ ಅಂತಾಳ. ಇನ್ನ ನೀವs ತಿಳ್ಕೊರಿ.’ ವೈನಿ ನಾಚಿ ಕೆಂಪಗಾಗಿ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಈ ಹುಚ್ಚು ಹತ್ತಿದ್ದು ಕೆನಡಾದಲ್ಲಿ. ಹುಬ್ಬಳ್ಳಿಯಿಂದ ಮೊದಲು ಅಲ್ಲಿಯ ಒಂದು ಹಿಮದ ಊರಿಗೆ ಕೆಲಸಕ್ಕೆ ಹೋಗಿದ್ದರು. ಪ್ರಹ್ಲಾದಣ್ಣ ಆಗ ಇನ್ನೂ ಬಂದಿರಲಿಲ್ಲ, ಊರಲ್ಲಿ ಮಾತಾಡಲು ಒಂದು ನರಪಿಳ್ಳೆಯಿಲ್ಲ. ವಾರ್ಡಿನಲ್ಲಿ ಯಂತ್ರದ ಮೇಲಿದ್ದ ಒಬ್ಬ ಹುಡುಗಿಯ ತಲೆಯ ಹತ್ತಿರ ಅವಳ ಅಪ್ಪ ಈ ಗಾಯಕನ ಕ್ಯಾಸೆಟ್ಟು ಹಾಕಿಟ್ಟು ಹೋಗುತ್ತಿದ್ದನಂತೆ. ವೈನಿಗೆ ಆಗ ಇಂಗ್ಲಿಷ್ ಹಾಡಿನ ಮಾತು ಒಂದೂ ತಿಳಿಯುತ್ತಿರಲಿಲ್ಲ. ‘ಮಾತು ಯಾರಿಗೆ ಬೇಕಾಗಿತ್ತವಾ? ಆ ಮಶೀನಿನ ಉಸಿರು ಒಂದs ಸವನ ಇರ್ತದ. ಇವಂದು ಹಂಗಲ್ಲ. ಒಂದು ಸಾಲು ಹಾಡಿ ಇನ್ನೊಂದು ಸಾಲಿಗೆ ಹೋಗೂ ಮುಂದ ಒಂದು ಉಸಿರು ತಗೋತಾನಲಾ, ಅದನ್ನ ಕೇಳಿದ್ರ, ಹೌದಪ್ಪಾ ಈ ಊರಾಗ ಒಬ್ಬಾಂವ ಜೀವಂತ ಮನಷಾ ಇದ್ದಾನ ಅನ್ನಿಸ್ತಿತ್ತು.’ ಆ ಹುಡುಗಿ ಬದುಕಿದಳಾ ಅಂತ ಕೇಳಿದೆ. ವೈನಿ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದರು.

ಪಕ್ಕದ ಊರಾದ ಡ್ಯಾನ್‌ವಿಲ್‌ನಲ್ಲಿ ಡೇಲ್ ಅಂತ ಒಬ್ಬರಿದ್ದರು. ಬಿಳಿ ಗಡ್ಡ, ದೊಡ್ಡ ಹೊಟ್ಟೆ, ಶಾಲೆಯ ಬಸ್ಸು ಓಡಿಸಿ ರಿಟೈರ್ ಆದವರು, ಮೂಲತಃ ಕೆನಡಾದವರು. ತಿಂಗಳಿಗೊಂದು ಭಾನುವಾರ ಅವರ ಬ್ಯಾಕ್‌ಯಾರ್ಡಿನ ಓಕ್ ಮರದ ಕೆಳಗೆ ಆ ಗಾಯಕನ ಭಕ್ತರೆಲ್ಲ ಸೇರಿ ಹಾಡುತ್ತಿದ್ದರು. ವೈನಿಗೆ ಬೇ ಏರಿಯಾದಲ್ಲಿ ನೆಂಟರು ಇಲ್ಲ, ಮಕ್ಕಳಿಲ್ಲ. ಈ ಭಾನುವಾರವೇ ಅವರಿಗೆ ತವರುಮನೆ. ನನ್ನನ್ನೂ ಕೆಲವು ಸಲ ಎಳಕೊಂಡು ಹೋಗಿದ್ದರು. ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು ಹೋಗುವವನ ಬಗ್ಗೆ ಅವನದ್ದೊಂದು ಹಾಡಿತ್ತು. ಅದರಲ್ಲೊಂದು ಸಾಲು ಮುಗಿಯುವುದೇ ಇಲ್ಲ, ಅಷ್ಟುದ್ದ. ಗಾಯಕ ಅದನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದ. ಭಕ್ತರ ಕೂಟದಲ್ಲಿ ಪ್ರತಿ ಸಲ ಕೊನೆಗೆ ಎಲ್ಲರೂ ಆ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಲು ನೋಡಬೇಕು. ಒಬ್ಬೊಬ್ಬರೂ ಒಂದೊಂದು ಕಡೆ ಕೆಮ್ಮಿ, ನಕ್ಕು, ಬಿಟ್ಟುಬಿಡುವರು. ಕೊನೆಗೆ ಉಳಿಯುತ್ತಿದ್ದದ್ದು ವೈನಿಯ ಸಣ್ಣ ಗಂಟಲು ಒಂದೇ. ಅವರು ಕಣ್ಣು ಮುಚ್ಚಿ ಕಡೆಯ ಅಕ್ಷರದ ತನಕ ಹೋಗಿ ಮುಟ್ಟಿ ಬರುವರು. ಡೇಲ್ ಎದ್ದು ನಿಂತು ಟೋಪಿ ತೆಗೆಯುತ್ತಿದ್ದರು.

ಎಲ್ಲ ಕೆಟ್ಟದ್ದು ಒಂದು ಶರತ್ಕಾಲದ ಭಾನುವಾರ. ಗಾಯಕನ ಹೊಸ ಸಂಗೀತ ಕಚೇರಿಯ ರೆಕಾರ್ಡಿಂಗು ಬಂದಿತ್ತು. ಎಲ್ಲರೂ ಬಿಯರು ಹಿಡಿದು ಕೇಳುತ್ತಿದ್ದರು, ನಾನೂ ಇದ್ದೆ. ಆ ಕೆರೆಯ ಹಾಡು ಬಂತು, ಆ ಉದ್ದದ ಸಾಲು ಬಂತು. ನನಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ವೈನಿ ಮಾತ್ರ ಎದ್ದು ಹೋಗಿ ಅದನ್ನು ನಿಲ್ಲಿಸಿ, ಮತ್ತೆ ಹಾಕಿದರು. ಮತ್ತೊಮ್ಮೆ ಹಾಕಿದರು. ಸಾಲಿನ ನಡುವೆ, ಒಂದು ಮಾತಿನ ಅರ್ಧದಲ್ಲಿ, ಅವನು ಕಳ್ಳನ ಹಾಗೆ ಒಂದು ಚೂರು ಉಸಿರು ಎಳೆದುಕೊಂಡಿದ್ದ. ತೋರಿಸಿದ ಮೇಲೆ ನನಗೂ ಕೇಳಿಸಿತು. ವೈನಿ ತಿರುಗಿ ನಿಂತು, ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಹೇಳುವ ಧ್ವನಿಯಲ್ಲಿ, ಇಂಗ್ಲಿಷಿನಲ್ಲಿ, ಇವನ ಪುಪ್ಪುಸ ಸೋತಿದೆ, ಇವನು ಹೆಚ್ಚು ದಿನ ಇರುವುದಿಲ್ಲ, ನಾವು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಅಂದುಬಿಟ್ಟರು.

ಆಮೇಲೆ ಡೇಲ್, ಕೂಗಾಡದೆ, ನನ್ನ ಮನೆಯಲ್ಲಿ ನಿಂತು ಅವನ ಬಗ್ಗೆ ಇಂಥ ಮಾತು ಆಡಬೇಡ, ದಯವಿಟ್ಟು ಹೊರಡು ಅಂದರು. ಯಾರೋ ಒಬ್ಬಳು ಅಳುತ್ತಾ ವೈನಿಯನ್ನು ಮಾಟಗಾತಿ ಅಂದಳು. ನಾವು ಕಾರಿನವರೆಗೆ ಬರುವಷ್ಟರಲ್ಲಿ ಹಿಂದೆ ಮತ್ತೆ ಹಾಡು ಶುರುವಾಗಿತ್ತು, ಮೊದಲಿಗಿಂತ ಜೋರಾಗಿ.

ಅಲ್ಲಿಂದ ಮುಂದೆ ಅವರನ್ನು ಯಾರೂ ಕರೆಯಲಿಲ್ಲ. ತಿಂಗಳ ಆ ಭಾನುವಾರ ಬಂದರೆ ವೈನಿ ಸುಮ್ಮನೆ ಸೀರೆ ಉಟ್ಟು ತಯಾರಾಗಿ ಕೂತಿರುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ವೈನಿ ಅಂತ ಬೈದೂಬಿಟ್ಟೆ. ಅವರು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಚಿಂತೆ ಬೇರೆ. ‘ಅಂವಾ ಹೋಗೋದಂತೂ ಖರೆ. ಆದ್ರ ಅಂವಾ ಹೋದ ದಿವಸ ನನ್ನ ಮಾತಾಡ್ಸಾಕ ಯಾರು ಬರ್ತಾರ? ಇವರು ಬರಂಗಿಲ್ಲ, ನಮ್ಮ ಮಂದಿಗೆ ಅಂವಾ ಯಾರೋ ಗೊತ್ತಿಲ್ಲ. ಒಬ್ಬಾಕಿನ ಕೂತು ಅಳಾಕ ಬರಂಗಿಲ್ಲವಾ, ಅಳು ಒಳಗs ಉಳೀತದ.’

ಸಾವಾದ ಮನೆಗೆ ಹೋಗಿ ಕೂತು ಬರುವುದಕ್ಕೆ ಅವರ ಕಡೆ ಮಾತಾಡಿಸಿಕೊಂಡು ಬರುವುದು ಅನ್ನುತ್ತಾರೆ. ಹೆಸರಿಗೆ ಮಾತು, ಅಷ್ಟೇ. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ಸುಮ್ಮನೆ ಜೊತೆಗೆ ಕೂತಿರುತ್ತಾರೆ. ಒಬ್ಬ ಹಾಡುಗಾರನಿಗೆ ಇದೆಲ್ಲ ಯಾಕೆ ಅಂತ ನಾನು ನಕ್ಕೆ. ವೈನಿ ನಗಲಿಲ್ಲ.

ಅಷ್ಟರಲ್ಲಿ ನಾವು ಮಗಳ ಶಾಲೆಗೆ ಅಂತ ಕ್ಯುಪರ್ಟಿನೋಗೆ ಮನೆ ಬದಲಾಯಿಸಿದ್ದೆವು. ಮುಂದಿನ ವರ್ಷ ಮಾವಿನ ಹಣ್ಣು ಅಂಗಡಿಗೆ ಬರುವ ಕಾಲಕ್ಕೆ ಒಂದು ಬೆಳಿಗ್ಗೆ ಗಾಯಕ ತೀರಿಕೊಂಡ ಸುದ್ದಿ ಬಂತು. ಪುಪ್ಪುಸದ ಕಾಯಿಲೆಯಂತೆ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನಂತೆ. ಆಫೀಸಿನಲ್ಲಿ ಕೆನಡಾದ ಒಬ್ಬ ಸಹೋದ್ಯೋಗಿ ಮೀಟಿಂಗಿನ ನಡುವೆಯೇ ಕಣ್ಣೊರೆಸಿಕೊಂಡು ಎದ್ದುಹೋದ. ನನಗೆ ಮೊದಲು ನೆನಪಾದದ್ದು ವೈನಿ ರೆಕಾರ್ಡಿಂಗು ನಿಲ್ಲಿಸಿ ತಿರುಗಿ ನಿಂತ ಗಳಿಗೆ. ಅರ್ಧ ದಿನ ರಜೆ ಹಾಕಿ, ಮಗಳನ್ನು ಶಾಲೆಯಿಂದ ಕರೆದುಕೊಂಡು, ಫ್ರೀವೇ ಹಿಡಿದು ಸ್ಯಾನ್ ರಮೋನ್‌ಗೆ ಹೋದೆ.

ಮೆಟ್ಟಿಲ ತುದಿಯಲ್ಲಿ ವೈನಿ ನಿಂತಿರಲಿಲ್ಲ. ಮೇಲೆ ಸೋಫಾ, ಟೀಪಾಯಿ ಎಲ್ಲ ಗೋಡೆಗೆ ಸರಿಸಿ, ನಡುವೆ ಹುಬ್ಬಳ್ಳಿಯ ನೀಲಿ ಪಟ್ಟೆಯ ದೊಡ್ಡ ಜಮಖಾನ ಹಾಸಿದ್ದರು. ಅದರ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಒಲೆ ಹಚ್ಚಿದ ಹಾಗಿರಲಿಲ್ಲ. ಪ್ರಹ್ಲಾದಣ್ಣ ನಾಚಿಕೆಯೋ ಕೋಪವೋ ತಿಳಿಯದ ಮುಖ ಮಾಡಿಕೊಂಡು, ಮುಂಜಾನಿಂದ ಹಿಂಗs ಕೂತಾಳ ನೋಡ್ರಿ ಅಂದು ಒಳಗೆ ಹೋದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಮಗಳು ನನ್ನ ತೊಡೆಗೆ ಅಂಟಿಕೊಂಡಳು. ವೈನಿಯ ಕಣ್ಣು ಒಣಗಿತ್ತು. ಆ ದೊಡ್ಡ ಜಮಖಾನದ ಮೇಲೆ ನಾವು ಮೂರು ಜನ, ಉಳಿದದ್ದೆಲ್ಲ ಖಾಲಿ.

ಸಂಜೆ ಹೊತ್ತಿಗೆ ಕೆಳಗೆ ಬಾಗಿಲು ಬಡಿದ ಸದ್ದು. ಇಳಿದು ಹೋಗಿ ತೆಗೆದೆ. ಡೇಲ್. ಅವರ ಹಿಂದೆ ಫುಟ್‌ಪಾತಿನ ಉದ್ದಕ್ಕೂ ಭಕ್ತರ ಕೂಟವೆಲ್ಲ, ಅವತ್ತು ಮಾಟಗಾತಿ ಅಂದವಳೂ. ಒಳಗೆ ಬರಬಹುದಾ ಅಂತ ಡೇಲ್ ಕೇಳಿದರು. ಬೇರೆಲ್ಲಿಗೂ ಹೋಗಲು ಮನಸ್ಸಾಗಲಿಲ್ಲ, ಅವಳೊಬ್ಬಳಿಗೆ ಮಾತ್ರ ಅವನು ಹೋಗುವುದು ಗೊತ್ತಿತ್ತು ಅಂದರು. ಎಲ್ಲರೂ ಸಾಲಾಗಿ ಮೆಟ್ಟಿಲು ಹತ್ತಿ ಬಂದರು. ಬಂದು ಜಮಖಾನದ ಮೇಲೆ ಕಷ್ಟಪಟ್ಟು ಕಾಲು ಮಡಚಿ ಕೂತರು.

ಆಗ ನನಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಅಷ್ಟು ಜನ, ಅದರಲ್ಲಿ ಅರ್ಧ ಮುದುಕರು, ಅಂಥ ಕಡಿದಾದ ಮೆಟ್ಟಿಲು ಹತ್ತಿ ಬಂದಿದ್ದಾರೆ, ಆದರೆ ರೂಮಿನಲ್ಲಿ ಒಂದು ಉಸಿರಿನ ಸದ್ದಿಲ್ಲ. ಸುತ್ತ ನೋಡಿದೆ. ಡೇಲ್ ಮುಖ ಕೆಂಪಗಾಗಿತ್ತು, ಕತ್ತಿನ ನರ ಉಬ್ಬಿತ್ತು. ಎಲ್ಲರೂ ಬಾಯಿ ಬಿಗಿದುಕೊಂಡಿದ್ದರು. ಎಲ್ಲರೂ ಉಸಿರು ಹಿಡಿದು ಕೂತಿದ್ದರು. ವೈನಿಗೆ ತಮ್ಮ ಉಸಿರು ಎಲ್ಲಿ ಕೇಳಿಸಿಬಿಡುತ್ತದೋ, ಎಲ್ಲಿ ಅವರು ಕಣ್ಣು ಬಿಟ್ಟು ಏನಾದರೂ ಹೇಳಿಬಿಡುತ್ತಾರೋ ಅಂತ. ಮಗಳು ನನ್ನ ಕಿವಿಯಲ್ಲಿ ‘ಅಮ್ಮಾ, ಆರ್ ದೇ ಡೆಡ್?’ ಅಂದಳು. ನಾನು ಅವಳ ಬಾಯಿ ಮುಚ್ಚಿದೆ, ಮುಚ್ಚಿದ ಮೇಲೆ ಗೊತ್ತಾಯಿತು, ನಾನೂ ಉಸಿರು ಹಿಡಿದಿದ್ದೆ.

ವೈನಿಗೆ ಎಲ್ಲ ತಿಳಿದಿತ್ತು. ಕಿವಿಯ ಮೇಲೆ ಎರಡೂ ಅಂಗೈ ಒತ್ತಿ ಇಟ್ಟುಕೊಂಡು, ‘ಉಸಿರಾಡ್ರಪ್ಪಾ’ ಅಂದರು ಕನ್ನಡದಲ್ಲೇ. ‘ಇವತ್ತ ನಾ ಕೇಳಂಗಿಲ್ಲ.’

ಯಾರೂ ಅನುವಾದ ಕೇಳಲಿಲ್ಲ. ಒಮ್ಮೆಲೇ ಎಲ್ಲರ ಎದೆಯಿಂದ ಗಾಳಿ ಹೊರಗೆ ಬಿತ್ತು. ಅದರ ಹಿಂದೆಯೇ ಡೇಲ್ ಅಳಲು ಶುರು ಮಾಡಿದರು, ಅಷ್ಟು ದೊಡ್ಡ ಮನುಷ್ಯ ಭುಜ ಕುಣಿಸಿ ಅಳುತ್ತಿದ್ದರು. ಆಗ ವೈನಿಗೂ ಅಳು ಬಂತು. ನಾನಂತೂ ಆ ಗಾಯಕನ ಎರಡು ಹಾಡು ಸರಿಯಾಗಿ ಬಾರದವಳು, ನಾನೂ ಅತ್ತೆ.

ಆಮೇಲೆ ಯಾರೋ ಮೆಲ್ಲಗೆ ಆ ಕೆರೆಯ ಹಾಡು ತೆಗೆದರು. ಗಿಟಾರಿಲ್ಲ, ಏನಿಲ್ಲ, ಬರೀ ಗಂಟಲು. ಉದ್ದದ ಸಾಲು ಬಂತು. ಪ್ರತಿ ಸಲ ಒಬ್ಬೊಬ್ಬರು ಒಂದೊಂದು ಕಡೆ ಸೋಲುತ್ತಿದ್ದರಲ್ಲ, ಅವತ್ತು ಹಾಗಾಗಲಿಲ್ಲ. ಎಲ್ಲರೂ ಒಟ್ಟಿಗೆ, ಒಂದೇ ಜಾಗದಲ್ಲಿ, ಒಂದು ಮಾತಿನ ಅರ್ಧದಲ್ಲಿ ನಿಂತು ಒಂದು ಚೂರು ಉಸಿರು ಎಳೆದುಕೊಂಡರು. ಆ ರೆಕಾರ್ಡಿಂಗಿನಲ್ಲಿ ಅವನು ಎಳೆದುಕೊಂಡ ಅದೇ ಜಾಗ. ಯಾರೂ ಬೇಕು ಅಂತ ಮಾಡಿದ್ದಲ್ಲ. ಅಷ್ಟು ಬಾಯಿಯಿಂದ ಒಂದೇ ಉಸಿರು ಆ ರೂಮಿನಲ್ಲಿ ಹಾದುಹೋದದ್ದು ನನ್ನ ತೋಳಿಗೆ ತಾಗಿತು. ತಣ್ಣಗಿತ್ತು. ಅವರು ಹಾಡು ನಿಲ್ಲಿಸದೆ ಮುಂದೆ ಹೋದರು.

ನಾನು ವೈನಿಯ ಕಡೆ ನೋಡಿದೆ. ಆ ಸಾಲನ್ನು ಯಾವತ್ತೂ ಮುರಿಯದವರು, ಅವತ್ತು ಅವರೂ ಅಲ್ಲೇ ಉಸಿರು ಎಳೆದುಕೊಂಡಿದ್ದರು. ನಾನು ನೋಡಿದ್ದನ್ನು ಅವರು ನೋಡಿದರು. ಏನೂ ಹೇಳಬೇಡ ಅನ್ನುವ ಹಾಗೆ ತಲೆಯನ್ನು ಸಣ್ಣಗೆ ಆಡಿಸಿದರು.

ಕತ್ತಲಾಗುವ ಮೊದಲು ಎಲ್ಲರೂ ಹೊರಟರು. ಹೊರಡುವಾಗ ಒಬ್ಬೊಬ್ಬರೂ ವೈನಿಯನ್ನು ತಬ್ಬಿಕೊಂಡು, ಬೇಗ ಸಿಗೋಣ ವೈನಿ, ಬೇಗ ಬರ್ತೀವಿ ಅಂದರು. ಪ್ರತಿ ಸಲ ವೈನಿಯ ಬೆನ್ನು ಸೆಟೆದುಕೊಳ್ಳುತ್ತಿತ್ತು. ಅವರು ಹೋದ ಮೇಲೆ ಯಾಕೆ ಅಂತ ಕೇಳಿದೆ. ಸಾವಾದ ಮನೆಯಿಂದ ಹೋಗುವವರು ಬರ್ತೀವಿ ಅನ್ನಬಾರದು, ಎದ್ದು ಸುಮ್ಮನೆ ಹೋಗಬೇಕು ಅಂದರು. ಬರ್ತೀವಿ ಅಂದರೆ ಮತ್ತೆ ಇದೇ ಕೆಲಸಕ್ಕೆ ಬರಬೇಕಾಗುತ್ತದಂತೆ. ‘ಇರ್ಲಿ, ಪಾಪ, ಅವರಿಗೇನ್ ಗೊತ್ತು. ಬಂದ್ರಲಾ, ಅಷ್ಟs ಸಾಕು ನನಗ’ ಅಂದರು. ನಾನು ಜಮಖಾನ ಮಡಚಿ ಮೇಲಿನ ಕಪಾಟಿಗೆ ಒಯ್ಯಲು ಹೋದರೆ, ಅಲ್ಲಿ ಬೇಡ, ಇಲ್ಲೇ ಮೆಟ್ಟಿಲ ಹತ್ತಿರ ಇಡು, ಕೈಗೆ ಸಿಗಲಿ ಅಂದರು. ನಾನು ಇಟ್ಟೆ. ಏನೂ ಅನ್ನದೆ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದೆ. ನಾನು ವೈನಿಯನ್ನು ನೋಡಿದ್ದು ಅದೇ ಕಡೆ.

ದಸರೆಯ ಗೊಂಬೆ ಕೂರಿಸುವ ಹೊತ್ತಿಗೆ ಪ್ರಹ್ಲಾದಣ್ಣನ ಫೋನು ಬಂತು. ಹೋಗಿ ನೋಡಿದರೆ ಅದೇ ನೀಲಿ ಪಟ್ಟೆಯ ಜಮಖಾನ, ಅದರ ಮೇಲೆ ಡೇಲ್, ಡೇಲ್ ಸುತ್ತ ಕೂಟದವರೆಲ್ಲ. ಬೇಗ ಬರ್ತೀವಿ ಅಂದವರಲ್ಲಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ವೈನಿಗೆ ತಮ್ಮ ಪುಪ್ಪುಸದ ಕಾಯಿಲೆ ವರ್ಷದ ಹಿಂದೆಯೇ ತಿಳಿದಿತ್ತಂತೆ, ಆಸ್ಪತ್ರೆಯವರಿಂದ ಪ್ರಹ್ಲಾದಣ್ಣನಿಗೆ ಈಗ ಗೊತ್ತಾಯಿತು. ‘ಊರ ಮಂದಿಗೆಲ್ಲಾ ಅವರವರ ಉಸಿರಿಂದು ಹೇಳಿದ್ಲು. ತನ್ನದು ಮಾತ್ರ ನನಗ ಹೇಳಲಿಲ್ಲ ನೋಡ್ರಿ’ ಅಂದರು. ನನಗೆ ಅದು ಅರ್ಥವಾಗದೆ ಇರಲಿಲ್ಲ. ಒಂದು ಸಲ ಬಾಯಿಬಿಟ್ಟು ಹೇಳಿ ಅವರು ತಮ್ಮ ಜನವನ್ನೆಲ್ಲ ಕಳೆದುಕೊಂಡಿದ್ದರು. ಎರಡನೇ ಸಲ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಇದನ್ನು ಪ್ರಹ್ಲಾದಣ್ಣನಿಗೆ ನಾನು ಹೇಳಲಿಲ್ಲ.

ಎಲ್ಲರೂ ಹೋದರು. ಡೇಲ್ ಪ್ರಹ್ಲಾದಣ್ಣನನ್ನು ತಬ್ಬಿಕೊಂಡು, ಏನೋ ಅನ್ನಲು ಹೋಗಿ, ಅನ್ನದೆ ಇಳಿದರು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಕೊನೆಗೆ ನಾನು ಎದ್ದೆ, ವೈನಿ ಕಲಿಸಿದ ಹಾಗೆ ಬಾಯಿ ಬಿಗಿದುಕೊಂಡು, ತಿರುಗಿ ನೋಡದೆ ಮೆಟ್ಟಿಲು ಇಳಿಯತೊಡಗಿದೆ. ಕೆಳಗಿನ ಬಾಗಿಲಿಗೆ ಕೈ ಹಾಕಿದಾಗ ಮೇಲಿನಿಂದ ಪ್ರಹ್ಲಾದಣ್ಣನ ದನಿ ಕೇಳಿಸಿತು.

‘ಬರ್ತೀನಂತ ಹೇಳಿ ಹೋಗವಾ.’

ನಾನು ನಿಂತೆ. ಹಾಗೆ ಅನ್ನಬಾರದಂತೆ ಪ್ರಹ್ಲಾದಣ್ಣ, ಅಂದೆ.

‘ಗೊತ್ತದ. ನಾ ಹುಬ್ಬಳ್ಳಿಯಾಂವ, ನನಗ ಗೊತ್ತಿಲ್ಲೇನು. ಆದ್ರೂ ಹೇಳು. ಯಾವ ಕೆಲಸಕ್ಕಾದ್ರೂ ಆಗ್ಲಿ, ಯಾರರ ಬರಬೇಕಲ್ಲ.’

ಬಾಗಿಲಿನಿಂದ ಕೈ ತೆಗೆದೆ. ಆಮೇಲೆ ತಿರುಗಿ ಮೇಲೆ ನೋಡಿ, ‘ಬರ್ತೀನಿ ಅಣ್ಣಾ’ ಅಂದೆ.